ಸಮುದ್ರದ ತಳ ಕಂಡ ಗಡಿಯಾರ

ಮುತ್ತಮ್ಮ: ಬೇಡ ಅಂದ್ರೆ ಬೇಡ. ತಿರುಗು ವಾಪಸ್ಸು. ಹತ್ತರ ಬಸ್ಸು ತಪ್ಪಿದ್ರೆ ಎರಡೆಕರೆ ಹೊಲಾನೂ ತಪ್ಪಿದಂಗೇಯ.

ಮುನಿಶಾಮಪ್ಪ: ಒಂದು ಗಳಿಗೆ ಕಣಮ್ಮಿ. ನೋಡೋದು, ಕೈ ಮುಗಿಯೋದು, ಬರೋದು.

ಮುತ್ತಮ್ಮ: ಗಡಿಯಾರಕ್ಕೆ ಯಾಕಯ್ಯ ಕೈ ಮುಗೀತೀಯ? ಅದೇನು ಮುತ್ಯಾಲಮ್ಮನೇ?

ಮುನಿಶಾಮಪ್ಪ: ಸಮುದ್ರದ ತಳ ಮುಟ್ಟಿ ಬಂದಿರೋ ಗಡಿಯಾರವಂತೆ. ನಾನು ಬಾವಿ ತಳ ಮುಟ್ಟೋನು. ನಮ್ಮ ಕಸುಬಿನ ದೊಡ್ಡಣ್ಣ ಮನೆಗೆ ಬಂದವ್ನೆ ಅಂದ್ರೆ ನೋಡ್ದಂಗೆ ಹೋಗಕ್ಕಾಯ್ತದಾ?

ಚನ್ನರಾಯಪಟ್ಟಣ ಹೋಬಳಿಯ ಒಂದು ಹಳ್ಳಿ, ಎಪ್ಪತ್ತಾರನೇ ಇಸವಿ. ಯಜಮಾನ್ ವೆಂಕಟರಾಯಪ್ಪನವರ ಮನೆಯ ಮೆಟ್ಟಿಲ ಮೇಲೆ ಗಂಡ ಹೆಂಡತಿ ನಿಂತಿದ್ದಾರೆ. ಯಜಮಾನರ ಎರಡೆಕರೆಯನ್ನು ಮುನಿಶಾಮಪ್ಪನ ಅಪ್ಪ ಉತ್ತ, ಈಗ ಮುನಿಶಾಮಪ್ಪ ಉಳುತ್ತಿದ್ದಾನೆ. ಉಳುವವನಿಗೇ ಹೊಲ ಎಂದು ಸರ್ಕಾರ ಕಾಯಿದೆ ಮಾಡಿದೆ. ಇವನು ಅರ್ಜಿ ಹಾಕಿದ್ದಾನೆ. ಇವನು ಗೇಣಿದಾರನೇ ಅಲ್ಲ, ಬಾವಿಗೆ ಬಿದ್ದ ಬಿಂದಿಗೆ ತೆಗೆಯಲು ಬರುವ ಕೂಲಿ ಎಂದು ಯಜಮಾನರು ತಕರಾರು ಹಾಕಿದ್ದಾರೆ. ಇವತ್ತು ಹನ್ನೊಂದು ಗಂಟೆಗೆ ದೇವನಹಳ್ಳಿಯಲ್ಲಿ ಟ್ರಿಬ್ಯುನಲ್ ಮುಂದೆ ವಿಚಾರಣೆ. ಅಲ್ಲಿ ವಕೀಲರಿಗೆ ಬಾಗಿಲಿಲ್ಲ. ಯಜಮಾನರೂ ಉಳುವವನೂ ಖುದ್ದಾಗಿ ಹೋಗಬೇಕು. ಜವಾನ ಮೂರು ಸಲ ಹೆಸರು ಕೂಗುವುದರೊಳಗೆ ‘ಇದ್ದೀನಿ ಸ್ವಾಮಿ’ ಅನ್ನದವನ ಕಥೆ ಮುಗಿಯಿತು.

ಬೆಳಿಗ್ಗೆ ಎದ್ದರೆ ಯಜಮಾನರ ಕರೆ ಬಂದಿದೆ, ಗಡಿಯಾರ ನೋಡಲು ಬಾ ಎಂದು.

ಮುತ್ತಮ್ಮ: ಮೂವತ್ತು ವರ್ಷದಿಂದ ಈ ಮನೆಗೆ ಬರ್ತಾ ಇದ್ದೀಯ. ಹಿತ್ತಲ ಬಾವಿ ಬಿಟ್ಟು ಇನ್ನೊಂದು ಕಂಡಿದ್ದೀಯಾ? ಅಮ್ಮಾವ್ರ ಬೆಳ್ಳಿ ಚೊಂಬು ಮುಳುಗಿ ತೆಗೆದುಕೊಟ್ಟಾಗ ಏನು ಕೊಟ್ರು?

ಮುನಿಶಾಮಪ್ಪ: ಪುರಿ ಕೊಟ್ರು.

ಮುತ್ತಮ್ಮ: ಎಲ್ಲಿ ನಿಂತ್ಕೊಂಡು ತಿಂದೆ?

ಮುನಿಶಾಮಪ್ಪ: ಅದೆಲ್ಲಾ ಈಗ್ಯಾಕೆ? ಇವತ್ತು ಮುಂದಿನ ಬಾಗಿಲಲ್ಲಿ ಕರೆದವ್ರೆ. ಮುನಿಶಾಮಪ್ಪನವರಿಗೆ ಹೇಳಿ ಅಂದ್ರಂತೆ.

ಮುತ್ತಮ್ಮ: ಅದಕ್ಕೇ ನಂಗೆ ಅನುಮಾನ. ಹುಟ್ಟಿದಾಗಿಂದ ನೀನು ಅವರಿಗೆ ‘ಲೇ ಮುನಿಶಾಮಿ’. ವಿಚಾರಣೆ ದಿನ ಹಿಂದೆ ‘ಅಪ್ಪ’ ಸೇರ್ಕೊಂಡ, ಅವನ ಹಿಂದೆ ‘ಅವರು’ ಬಂದು ಕೂತ್ಕೊಂಡ್ರು. ಎರಡೂ ಪುಕ್ಕಟೆ ಬಂದವಾ?

ಬಾಗಿಲು ತೆರೆಯಿತು. ಯಜಮಾನರ ಪಾರುಪತ್ಯ ನೋಡುವ ಗೋಪಾಲಪ್ಪ ಹೊರಗೆ ಬಂದ. ಜಮೀನು ಕೇಳಿದವರನ್ನು ಓಡಿಸುವ ಕೆಲಸ ಅವನದು. ಇವತ್ತು ಮುಖದಲ್ಲಿ ನಗು ತಂದುಕೊಳ್ಳಲು ಒದ್ದಾಡುತ್ತಿದ್ದ.

ಗೋಪಾಲಪ್ಪ: ಬನ್ನಿ, ಬನ್ನಿ. ಸಮಯಕ್ಕೆ ಸರಿಯಾಗಿ ಬಂದ್ರಿ. ಇನ್ನೂ ಎಂಟೂಕಾಲು.

ಮುತ್ತಮ್ಮ: ಎಂಟೂಕಾಲಾ? ಒಂಬತ್ತು ಗಂಟೆ ವಿಜಯಪುರದ ಬಸ್ಸು ಈಗ ತಾನೇ ನಮ್ಮ ತಲೆ ಮೇಲೆ ಧೂಳು ಚೆಲ್ಲಿ ಹೋಯ್ತು. ಇವನ ಕೂದಲು ನೋಡು, ಇನ್ನೂ ಕೆಂಪಗೈತೆ.

ಗೋಪಾಲಪ್ಪ: ಇವತ್ತು ಅದು ಒಂದು ಗಂಟೆ ಮುಂಚೆ ಬಂತು.

ಮುತ್ತಮ್ಮ: ಆ ಬಸ್ಸು ಕೆಟ್ಟು ನಿಂತಿದ್ದು ಕಂಡಿದ್ದೀನಿ, ಹಳ್ಳಕ್ಕೆ ಇಳಿದಿದ್ದು ಕಂಡಿದ್ದೀನಿ. ಮುಂಚೆ ಬಂದಿದ್ದು ಇದೇ ಮೊದಲು ಕೇಳ್ತಿರೋದು.

ಮುನಿಶಾಮಪ್ಪ: ಹೊಸಾ ಡ್ರೈವರ್ ಇರ್ಬೇಕು ಕಣಮ್ಮಿ. ನಡಿ ಒಳಕ್ಕೆ.

ಚಪ್ಪಲಿ ಕಳಚಿ ಮೆಟ್ಟಿಲ ಮೇಲೆ ಬಿಡಬೇಕೋ ಕೆಳಗೆ ಬಿಡಬೇಕೋ ತಿಳಿಯದೆ ಮುನಿಶಾಮಪ್ಪ ಕಂಕುಳಲ್ಲಿ ಇಟ್ಟುಕೊಂಡ. ಒಳಗೆ ಕತ್ತಲೆ. ಕಿಟಕಿಗಳೆಲ್ಲ ಮುಚ್ಚಿ ಮೇಲೆ ಕಂಬಳಿ ಇಳಿಬಿಟ್ಟಿತ್ತು. ನಡುಮನೆಯಲ್ಲಿ ಒಂದು ಮೇಜು, ಮೇಜಿನ ಮೇಲೆ ಕೆಂಪು ಮಕಮಲ್ಲು, ಅದರ ಮೇಲೆ ನೀರು ತುಂಬಿದ ಗಾಜಿನ ಬೋಗುಣಿ, ಬೋಗುಣಿಯ ತಳದಲ್ಲಿ ಒಂದು ಕೈಗಡಿಯಾರ. ಪಕ್ಕದಲ್ಲಿ ವೆಂಕಟರಾಯಪ್ಪ, ಜರಿ ಪಂಚೆ, ಜರಿ ವಲ್ಲಿ, ಮೊಮ್ಮಗನ ನಾಮಕರಣಕ್ಕೆ ನಿಂತವರ ಹಾಗೆ.

ವೆಂಕಟರಾಯಪ್ಪ: ಬಾರಪ್ಪಾ ಮುನಿಶಾಮಪ್ಪ. ಬಾಮ್ಮ. ಹೇಗಿದ್ದೀರಿ?

ಮುತ್ತಮ್ಮ: ನಿನ್ನೇವರೆಗೂ ಚೆನ್ನಾಗಿದ್ವಿ ಬುದ್ಧಿ. ಬೆಳಿಗ್ಗೆಯಿಂದ ಸ್ವಲ್ಪ ಹೆದರಿಕೆ.

ಮುನಿಶಾಮಪ್ಪ: ಅವಳ ಮಾತು ಕಟ್ಕೋಬ್ಯಾಡಿ ಬುದ್ಧಿ. ಇದೇನಾ ಗಡಿಯಾರ?

ವೆಂಕಟರಾಯಪ್ಪ: ಇದೇ. ನಮ್ಮ ಅಳಿಯಂದ್ರು ಹಡಗಿನಲ್ಲಿ ಆಫೀಸರು, ಗೊತ್ತಲ್ಲ? ಹೊರದೇಶದಲ್ಲಿ ಹರಾಜಿನಲ್ಲಿ ಹಿಡಿದರಂತೆ. ಇಪ್ಪತ್ತು ವರ್ಷದ ಹಿಂದೆ ಒಂದು ಹಡಗು ಮುಳುಗಿತ್ತು. ಅದನ್ನ ಹುಡುಕಿಕೊಂಡು ಒಬ್ಬ ಮುಳುಗುಗಾರ ಸಮುದ್ರದ ತಳಕ್ಕೇ ಇಳಿದ. ಆಗ ಅವನ ಕೈಲಿ ಇದ್ದದ್ದು ಇದು. ಚರಿತ್ರೆ ಕಣಯ್ಯ, ಚರಿತ್ರೆ! ಎಲ್ಲರಿಗೂ ತೋರಿಸಲ್ಲ. ಖಾಸಗಿ ಪ್ರದರ್ಶನ.

ಮುತ್ತಮ್ಮ: ಬೇರೆ ಯಾರೂ ಕಾಣಲ್ಲ?

ಗೋಪಾಲಪ್ಪ: ಖಾಸಗಿ ಅಂದ್ರಲ್ಲ.

ಮುತ್ತಮ್ಮ: ಊರಲ್ಲಿ ಮೇಷ್ಟ್ರು ಇದ್ದಾರೆ, ಶಾನುಭೋಗರು ಇದ್ದಾರೆ. ಅವರನ್ನೆಲ್ಲ ಬಿಟ್ಟು ಇವತ್ತು ಕೇಸಿರೋ ಮನೆಯವರಿಗೇ ಖಾಸಗಿ ಆಯ್ತಾ?

ವೆಂಕಟರಾಯಪ್ಪ: ಕೇಸು ಬೇರೆ, ವಿಶ್ವಾಸ ಬೇರೆ. ನಿನ್ನ ಗಂಡ ನೀರಿಗೆ ಇಳಿಯೋನು. ಇದರ ಬೆಲೆ ಅವನಿಗೆ ಗೊತ್ತಾಗಬೇಕು, ಮೇಷ್ಟ್ರಿಗೆ ಏನು ಗೊತ್ತಾಗ್ತದೆ?

ಮುನಿಶಾಮಪ್ಪ ಉಬ್ಬಿಹೋದ. ಕಂಕುಳಿನಿಂದ ಒಂದು ಚಪ್ಪಲಿ ಕೆಳಗೆ ಬಿತ್ತು.

ಮುನಿಶಾಮಪ್ಪ: ಸಮುದ್ರ ಎಷ್ಟಾಳು ಆಳ ಬುದ್ಧಿ? ನಿಮ್ಮ ಹಿತ್ತಲ ಬಾವಿ ಆರಾಳು. ಮಳೆಗಾಲಕ್ಕೆ ಎಂಟು.

ವೆಂಕಟರಾಯಪ್ಪ: ನೂರಾಳು ಅಂತ ಇಟ್ಕೋ.

ಮುನಿಶಾಮಪ್ಪ: ನೂರಾಳಾ! ಎಂಟಾಳಿಗೇ ನನ್ನ ಕಿವೀಲಿ ಸೂಜಿ ಚುಚ್ಚಿದಂಗಾಯ್ತದೆ. ಆ ಮನುಷ್ಯ ಹೆಂಗೆ ಉಸಿರು ಹಿಡಿದ?

ವೆಂಕಟರಾಯಪ್ಪ: ಬೆನ್ನಿಗೆ ಗಾಳಿ ಕಟ್ಕೊಂಡು ಹೋಗ್ತಾರೆ, ಸಿಲಿಂಡರಿನಲ್ಲಿ. ಆ ಗಾಳಿ ಎಷ್ಟು ಹೊತ್ತಿಗೆ ಮುಗೀತದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ ಇದರ ಸುತ್ತ ಒಂದು ಬಳೆ ಇದೆ ನೋಡು. ನೀರಿಗೆ ಇಳಿಯೋ ಮುಂಚೆ ಬಳೆ ತಿರುಗಿಸಿ ಗುರುತು ಇಟ್ಕೊಂಡರೆ, ಇಳಿದು ಎಷ್ಟು ನಿಮಿಷ ಆಯ್ತು ಅಂತ ತೋರಿಸ್ತದೆ.

ಮುನಿಶಾಮಪ್ಪ: ನಂಗೆ ಬಳೆ ಹಾಕ್ಕೊಂಡಿರೋಳು ಬಾವಿ ಕಟ್ಟೆ ಮೇಲೆ ನಿಂತಿರ್ತಾಳೆ ಬುದ್ಧಿ. ನಾನು ಮುಳುಗಿದ ತಕ್ಷಣ ಎಣಿಸೋಕೆ ಶುರು ಮಾಡ್ತಾಳೆ. ನೂರೈವತ್ತಾದ್ರೆ ಹಗ್ಗ ಎಳೀತಾಳೆ.

ವೆಂಕಟರಾಯಪ್ಪ: ಹೆಂಗಸಿನ ಲೆಕ್ಕಕ್ಕೂ ಇದಕ್ಕೂ ಎಲ್ಲಿಯ ಹೋಲಿಕೆಯಯ್ಯ? ಇದು ಒಂದು ಕ್ಷಣ ಹಿಂದೆ ಮುಂದೆ ಹೋಗಲ್ಲ. ಪಕ್ಕದಲ್ಲಿ ಕೀ ಕೊಡೋ ತಿರುಪು ನೋಡು. ಅದೇ ಇದರ ಜೀವ. ಅದು ಬಿಗಿಯಾಗಿ ಕೂತಿದ್ರೆ ನೂರಾಳಲ್ಲ, ಸಾವಿರಾಳಿಗೆ ಇಳಿದ್ರೂ ಒಂದು ತೊಟ್ಟು ನೀರು ಒಳಕ್ಕೆ ಹೋಗಲ್ಲ.

ಮುತ್ತಮ್ಮ ಗಡಿಯಾರ ನೋಡಲಿಲ್ಲ, ಗೋಡೆ ನೋಡುತ್ತಿದ್ದಳು. ಗೋಡೆಯ ಮೇಲೆ ಒಂದು ಮೊಳೆ. ಮೊಳೆಯ ಕೆಳಗೆ ಗಡಿಯಾರದ ಅಗಲದ ಬಿಳಿ ಗುರುತು.

ಮುತ್ತಮ್ಮ: ಇಲ್ಲಿದ್ದ ಗಡಿಯಾರ ಎಲ್ಲಿ?

ಗೋಪಾಲಪ್ಪ: ರಿಪೇರಿಗೆ.

ಮುತ್ತಮ್ಮ: ಯಜಮಾನ್ರ ಕೈಗಡಿಯಾರ?

ವೆಂಕಟರಾಯಪ್ಪನವರು ಕೈಯನ್ನು ವಲ್ಲಿಯೊಳಗೆ ಎಳೆದುಕೊಂಡರು. ಮಣಿಕಟ್ಟಿನಲ್ಲೂ ಒಂದು ಬಿಳಿ ಪಟ್ಟೆ ಇತ್ತು.

ಗೋಪಾಲಪ್ಪ: ಅದೂ ರಿಪೇರಿಗೆ.

ಮುತ್ತಮ್ಮ: ಮನೇಲಿರೋ ಗಡಿಯಾರಕ್ಕೆಲ್ಲ ಒಂದೇ ದಿನ ಕಾಯಿಲೆ ಬಂತು. ಕಿಟಕಿಗೂ ಚಳಿ ಜ್ವರವಾ, ಕಂಬಳಿ ಹೊದಿಸಿದ್ದೀರಲ್ಲ?

ವೆಂಕಟರಾಯಪ್ಪ: ಕತ್ತಲೇಲಿ ಅದರ ಮುಳ್ಳು ಹೊಳೀತದಮ್ಮ, ಅದಕ್ಕೆ. ನೋಡು, ಬೆಕ್ಕಿನ ಕಣ್ಣು ಹೊಳೆದ ಹಾಗೆ. ಎಷ್ಟು ಗಂಟೆ ತೋರಿಸ್ತದೆ?

ಮುತ್ತಮ್ಮ: ಎಂಟೂವರೆ.

ವೆಂಕಟರಾಯಪ್ಪ: ಎಂಟೂವರೆ! ನಿಮ್ಮ ಬಸ್ಸಿಗೆ ಇನ್ನೂ ಒಂದೂವರೆ ಗಂಟೆ. ಉಪ್ಪಿಟ್ಟು ಆಗ್ತಾ ಇದೆ. ನಿಧಾನವಾಗಿ ತಿಂದು ಹೋಗಿ. ತಪ್ಪಿದರೂ ಯೋಚನೆ ಇಲ್ಲ, ನಮ್ಮ ಕಾರಿದೆ.

ಮುತ್ತಮ್ಮ: ನಿಮ್ಮ ಇನ್ನೊಂದು ಹೊಲ ಉಳೋ ಲಕ್ಷ್ಮಯ್ಯಂಗೂ ಕಾರೇ ಕೊಟ್ರಿ ಬುದ್ಧಿ. ಹೋದ ತಿಂಗಳು, ಅವನ ವಿಚಾರಣೆ ದಿನ. ನೀವು ಬಸ್ಸಲ್ಲಿ ಹೋದ್ರಿ, ಅವನನ್ನ ಕಾರಲ್ಲಿ ಕಳಿಸಿದ್ರಿ. ಎಂಥಾ ಒಳ್ಳೇ ಧಣಿ ಅಂತ ಅಳ್ತಾ ಹತ್ತಿದ. ವಿಜಯಪುರದ ಈಚೆಗೆ ಕೆಟ್ಟು ನಿಂತ್ಕೊಳ್ತು. ಅಲ್ಲಿಂದ ದೇವನಹಳ್ಳಿವರೆಗೂ ಅವನೇ ತಳ್ಳಿದ. ಬೆವರು ಒರೆಸ್ಕೊಂಡು ಒಳಕ್ಕೆ ಹೋದ್ರೆ ಹೆಸರು ಕೂಗಿ ಫೈಲು ಕಟ್ಟಿದ್ರು. ವಾಪಸ್ಸು ಬರೋವಾಗ ಕಾರು ಚೆನ್ನಾಗಿ ಓಡ್ತಂತೆ.

ಗೋಪಾಲಪ್ಪನಿಗೆ ಕೆಮ್ಮು ಬಂತು.

ಮುನಿಶಾಮಪ್ಪ: ಯಾಕೆ ಹಳೇದೆಲ್ಲ ಕೆದಕ್ತೀಯ? ಬುದ್ಧಿ, ಸ್ವಲ್ಪ ಹತ್ತಿರಕ್ಕೆ ಹೋಗಿ ನೋಡ್ಲಾ?

ವೆಂಕಟರಾಯಪ್ಪ: ನೋಡಪ್ಪಾ, ಕಣ್ತುಂಬ ನೋಡು. ಎಷ್ಟು ಹೊತ್ತಾದ್ರೂ ನೋಡು.

ಮುನಿಶಾಮಪ್ಪ ಬೋಗುಣಿಯ ಮೇಲೆ ಬಾಗಿದ. ಕೆಳಗೆ ನೀರು ಕಂಡ ಕೂಡಲೇ, ಮೂವತ್ತು ವರ್ಷದ ಅಭ್ಯಾಸ, ಎದೆ ತುಂಬ ಗಾಳಿ ಎಳೆದು ಬಾಯಿ ಕಟ್ಟಿದ. ಗಂಡ ಬಾಯಿ ಕಟ್ಟಿದ್ದನ್ನು ಕಂಡ ಕೂಡಲೇ, ಅದೂ ಮೂವತ್ತು ವರ್ಷದ ಅಭ್ಯಾಸ, ಹೆಂಡತಿ ಎಣಿಸಲು ಶುರುಮಾಡಿದಳು. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಗಂಡನ ಉಸಿರನ್ನೂ ಅವಳು ಹಾಗೇ ಅಳೆಯುತ್ತಿದ್ದಳು.

ಮುತ್ತಮ್ಮ: ಲಾಭ... ಎರಡು... ಮೂರು... ನಾಕು...

ವೆಂಕಟರಾಯಪ್ಪ: ಇದೇನಮ್ಮ ಇದು?

ಮುತ್ತಮ್ಮ: ಹನ್ನೆರಡು... ಮಧ್ಯದಲ್ಲಿ ಮಾತಾಡಿಸಬ್ಯಾಡಿ ಬುದ್ಧಿ, ಲೆಕ್ಕ ತಪ್ಪಿದ್ರೆ ಇವನು ಸತ್ತೋಯ್ತಾನೆ... ಹದಿಮೂರು...

ಗೋಪಾಲಪ್ಪ: ನೀರೊಳಗೆ ಎಲ್ಲಿ ಇದ್ದಾನೆ? ನಿಂತಿದ್ದಾನಲ್ಲ, ಇಲ್ಲೇ!

ವೆಂಕಟರಾಯಪ್ಪ: (ಮೆಲ್ಲಗೆ) ಸುಮ್ಮನಿರೋ. ಎಣಿಸಲಿ. ಎಷ್ಟು ಬೇಕಾದ್ರೂ ಎಣಿಸಲಿ. ಹೊತ್ತು ಹೋದಷ್ಟೂ ಒಳ್ಳೇದು.

ನೂರಾಯಿತು. ನೂರಿಪ್ಪತ್ತಾಯಿತು. ಮುನಿಶಾಮಪ್ಪನ ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ನೂರೈವತ್ತು ಎಂದವಳೇ ಮುತ್ತಮ್ಮ ಗಂಡನ ಅಂಗಿಯ ಕಾಲರು ಹಿಡಿದು, ಬಾವಿಯಿಂದ ಎಳೆಯುವ ರಭಸದಲ್ಲೇ ಎಳೆದಳು. ಮುನಿಶಾಮಪ್ಪ ಗೋಪಾಲಪ್ಪನ ಮೇಲೆ ಬಿದ್ದ. ಇನ್ನೊಂದು ಚಪ್ಪಲಿಯೂ ಬಿತ್ತು.

ಮುತ್ತಮ್ಮ: ಬುದ್ಧಿ, ನಿಮ್ಮ ಗಡಿಯಾರ ಒಂದು ಕ್ಷಣಾನೂ ಹಿಂದೆ ಮುಂದೆ ಹೋಗಲ್ಲ ಅಂದ್ರಲ್ಲ, ಆ ಮಾತು ನಿಜ. ಎಲ್ಲೂ ಹೋಗಲ್ಲ ಅದು.

ವೆಂಕಟರಾಯಪ್ಪ: ಅಂದ್ರೆ?

ಮುತ್ತಮ್ಮ: ಇವನು ಬಗ್ಗಿದಾಗ ಎಂಟೂವರೆ. ನೂರೈವತ್ತು ಎಣಿಸಿದ ಮೇಲೂ ಎಂಟೂವರೆ. ಎರಡು ಗೆರೆಯಾದ್ರೂ ಸರೀಬೇಕಿತ್ತು.

ವೆಂಕಟರಾಯಪ್ಪ: ನಿನ್ನ ಎಣಿಕೆಯೇ ತಪ್ಪು.

ಮುತ್ತಮ್ಮ: ನನ್ನ ಎಣಿಕೆ ತಪ್ಪಿದ್ದರೆ ನಾನು ಯಾವತ್ತೋ ಕುಂಕುಮ ಅಳಿಸ್ಕೋಬೇಕಿತ್ತು. ಜೀವ ಸಮೇತ ನಿಂತವ್ನೆ ನೋಡಿ, ಸಾಕ್ಷಿ.

ಮುನಿಶಾಮಪ್ಪ ಏದುಸಿರು ಬಿಡುತ್ತಾ ಬೋಗುಣಿಯ ಕಡೆ ಬೆರಳು ತೋರಿಸಿದ.

ಮುನಿಶಾಮಪ್ಪ: ಬುದ್ಧೀ... ಅದು ಗುಳ್ಳೆ ಬಿಡ್ತಾ ಐತೆ.

ವೆಂಕಟರಾಯಪ್ಪ: ಬಿಡ್ತದಪ್ಪ. ಅದೇ ವಿಶೇಷ. ಎಷ್ಟು ಆಳಕ್ಕೆ ಇಳಿದಿದ್ದು! ಉಸಿರಾಡ್ತದೆ.

ಮುನಿಶಾಮಪ್ಪ: ತಿರುಪಿನ ಪಕ್ಕದಲ್ಲಿ, ಸಾಸಿವೆ ಸಾಸಿವೆಯಷ್ಟು ಬರ್ತಾ ಐತೆ. ಬುದ್ಧಿ, ನೀರೊಳಗೆ ಉಸಿರು ಬಿಡೋನು ಬದುಕೋನಲ್ಲ. ಸಾಯೋನು.

ಯಜಮಾನರ ಮುಖದ ಬಣ್ಣ ಇಳಿಯಿತು. ಜರಿ ವಲ್ಲಿ ಸಮೇತ ಬೋಗುಣಿಗೆ ಕೈ ಹಾಕಿ ಗಡಿಯಾರ ಎತ್ತಿದರು. ಗಾಜಿನ ಒಳಗೆ ಮಂಜು ಕವಿದಿತ್ತು. ಅಲ್ಲಾಡಿಸಿದರೆ ಎಳನೀರಿನ ಹಾಗೆ ಸದ್ದು ಬಂತು. ಕೀ ಕೊಡುವ ತಿರುಪು ಅರ್ಧ ಆಚೆಗೆ ಬಂದು ನಿಂತಿತ್ತು.

ವೆಂಕಟರಾಯಪ್ಪ: ತಿರುಪು ಯಾರು ಎಳೆದೋರು? ಗೋಪಾಲ!

ಗೋಪಾಲಪ್ಪ: ನೀವೇ ಬುದ್ಧಿ. ಬೆಳಿಗ್ಗೆ ಒಂದು ಗಂಟೆ ಹಿಂದಕ್ಕೆ ಇಟ್ರಲ್ಲ... ಆಮೇಲೆ ಇವರು ಬಂದ್ರು ಅಂತ ಗಾಬರೀಲಿ ಹಾಗೇ ನೀರಿಗೆ...

ಮಾತು ಬಾಯಿಂದ ಬಿದ್ದ ಮೇಲೆ ಗೋಪಾಲಪ್ಪ ಬಾಯಿ ಮುಚ್ಚಿಕೊಂಡ.

ಮುತ್ತಮ್ಮ: ನೂರಾಳು ಸಮುದ್ರದಲ್ಲಿ ಸಾಯದೇ ಇದ್ದದ್ದು ಯಜಮಾನ್ರ ಬೋಗುಣೀಲಿ ಸತ್ತೋಯ್ತು.

ವೆಂಕಟರಾಯಪ್ಪ: ಸಾಯಂಕಾಲ ಅಳಿಯ ಬರ್ತಾನೋ! ಮುಟ್ಟಬೇಡಿ ಅಂತ ಬೀಗ ಹಾಕಿಟ್ಟು ಹೋಗಿದ್ದ. ಒರೆಸೋ! ಬಿಸಿಲಿಗೆ ಇಡೋ! ಲೇ ಮುನಿಶಾಮಿ, ನೀರಿನ ಕೆಲಸ ಮಾಡೋನು ನೀನು, ಏನಾದ್ರೂ ಮಾಡೋ!

ಮುತ್ತಮ್ಮ: ಕೇಳಿಸ್ತೇನಯ್ಯ? ಅಪ್ಪಾನೂ ಹೋದ, ಅವರೂ ಹೋದ್ರು.

ಮುನಿಶಾಮಪ್ಪ ಗಡಿಯಾರ ನೋಡಿದ, ಮೊಳೆ ನೋಡಿದ, ಕಂಬಳಿ ನೋಡಿದ. ಆಮೇಲೆ ಕೆಳಗೆ ಬಿದ್ದಿದ್ದ ಚಪ್ಪಲಿ ಎತ್ತಿಕೊಳ್ಳದೆ, ಅಲ್ಲೇ, ಆ ನಡುಮನೆಯಲ್ಲೇ, ಕಾಲಿಗೆ ಮೆಟ್ಟಿಕೊಂಡ.

ಮುನಿಶಾಮಪ್ಪ: ಮುಳುಗಿರೋದನ್ನ ತೆಗೆಯೋದು ನನ್ನ ಕಸುಬು ಬುದ್ಧಿ. ಮುಳುಗಿಸಿದ್ದನ್ನ ಬದುಕಿಸೋದಲ್ಲ.

ಮುತ್ತಮ್ಮ ಕಿಟಕಿಯ ಕಂಬಳಿ ಎಳೆದಳು. ಬಿಸಿಲು ನುಗ್ಗಿತು. ಜಗುಲಿ ಕಂಬದ ನೆರಳು ಮೆಟ್ಟಿಲಿಗೆ ಬಂದಿತ್ತು.

ಮುತ್ತಮ್ಮ: ಒಂಬತ್ತೂ ಮುಕ್ಕಾಲು. ಓಡು!

ವೆಂಕಟರಾಯಪ್ಪ: ಒಂಬತ್ತೂ ಮುಕ್ಕಾಲಾ? ನಾನೂ ಹೊರಡಬೇಕಲ್ಲೋ! ಗೋಪಾಲ, ಗಂಟೆ ಎಷ್ಟು ಸರಿಯಾಗಿ? ನನ್ನ ವಾಚು ತಾ, ಗೋಡೆ ಗಡಿಯಾರ ತಾ!

ಗೋಪಾಲಪ್ಪ: ಸಾಯಂಕಾಲದವರೆಗೂ ಯಾರ ಕೈಗೂ ಸಿಗಬಾರದು ಅಂದ್ರಲ್ಲ... ಎರಡನ್ನೂ ರಾಗಿ ಹಗೇವಿನಲ್ಲಿ ಹಾಕಿ ಮೇಲೆ ಮಣ್ಣು ಮುಚ್ಚಿಸಿದೆ.

ವೆಂಕಟರಾಯಪ್ಪ: ಡ್ರೈವರ್‌ನ ಕೂಗು!

ಗೋಪಾಲಪ್ಪ: ಇವರು ಕಾರು ಕೇಳಿಬಿಟ್ಟಾರು ಅಂತ ನೀವೇ ಅವನ ಕೈಲಿ ಎಂಥದೋ ಬಿಚ್ಚಿಸಿ ಹೊಸಕೋಟೆಗೆ ಕಳಿಸಿದ್ರಿ ಬುದ್ಧಿ. ಮಧ್ಯಾಹ್ನ ಬರ್ತಾನೆ. ನೀವು ಮೇಲಿನ ದಾರೀಲಿ ಹೋಗೋ ಲಾರಿ ಹಿಡೀತೀನಿ ಅಂದಿದ್ರಿ. ಅದೂ ಇಷ್ಟೊತ್ತಿಗೆ ಹೋಗಿರ್ತದೆ.

ವೆಂಕಟರಾಯಪ್ಪ: ಹಾಗಾದ್ರೆ ಬಸ್ಸು... ಬಸ್ಸಿಗೇ... ಈ ವಾಚು? ಇದನ್ನೇನು ಮಾಡ್ಲೋ? ನೀರು ಇಳೀತಾ ಇದೆಯೇನೋ ನೋಡೋ! ಊದೋ! ಏ ಮುತ್ತಮ್ಮಾ, ನಿಂತ್ಕೊಳಮ್ಮ, ಬಸ್ಸು ನಿಲ್ಲಿಸಿರ್ತೀಯಾ?

ಮುತ್ತಮ್ಮ ಮೆಟ್ಟಿಲಿಳಿಯುತ್ತಲೇ ತಿರುಗಿ ನೋಡಿದಳು.

ಮುತ್ತಮ್ಮ: ಅವಸರ ಯಾಕೆ ಬುದ್ಧಿ? ಇನ್ನೂ ಒಂದೂವರೆ ಗಂಟೆ ಐತೆ. ಉಪ್ಪಿಟ್ಟು ಆಗ್ತಾ ಐತೆ, ನಿಧಾನವಾಗಿ ತಿಂದು ಬನ್ನಿ.

ಬಸ್ಸು ಅರಳಿಮರದ ಹತ್ತಿರ ತಿರುಗುತ್ತಿತ್ತು. ಗಂಡ ಹೆಂಡತಿ ಓಡಿ ಹಿಂದಿನ ಏಣಿ ಹಿಡಿದರು. ಬಸ್ಸಿನ ಹಿಂದೆ ಎದ್ದ ಧೂಳಿನಲ್ಲಿ, ಒಂದು ಕೈಯಲ್ಲಿ ಪಂಚೆ ಇನ್ನೊಂದು ಕೈಯಲ್ಲಿ ಗಡಿಯಾರ ಹಿಡಿದು ಊದುತ್ತಾ ಬರುತ್ತಿದ್ದ ಒಬ್ಬ ದೊಡ್ಡ ಮನುಷ್ಯ ಚಿಕ್ಕವನಾಗುತ್ತಾ ಹೋದ.

ದೇವನಹಳ್ಳಿ. ತಾಲ್ಲೂಕು ಕಚೇರಿಯ ಹಜಾರ. ಬಾಗಿಲಲ್ಲಿ ಜವಾನ ಕೂಗಿದ.

ಜವಾನ: ಮುನಿಶಾಮಪ್ಪ ಬಿನ್ ಚಿಕ್ಕವೆಂಕಟಪ್ಪ!

ಮುನಿಶಾಮಪ್ಪ: ಇದ್ದೀನಿ ಸ್ವಾಮಿ! (ಹೆಂಡತಿಯ ಕಿವಿಯಲ್ಲಿ) ನೋಡ್ದಾ, ಸರ್ಕಾರ ನಮ್ಮಪ್ಪಂಗೂ ‘ಅಪ್ಪ’ ಸೇರಿಸ್ತು.

ಮುತ್ತಮ್ಮ: ಉಬ್ಬಬ್ಯಾಡ. ಇಲ್ಲೂ ಉಪ್ಪಿಟ್ಟು ಕೊಟ್ರೆ ಮುಟ್ಟಬ್ಯಾಡ.

ಜವಾನ: ಭೂಮಾಲೀಕರು ವೆಂಕಟರಾಯಪ್ಪ! ವೆಂಕಟರಾಯಪ್ಪನವರು! ವೆಂಕಟರಾಯಪ್ಪಾ!

ಮೂರು ಕೂಗೂ ಹಜಾರದ ಗೋಡೆಗೆ ಬಡಿದು ವಾಪಸ್ಸು ಬಂದವು. ಟ್ರಿಬ್ಯುನಲ್ ಸಾಹೇಬರು ತಲೆಯ ಮೇಲಿನ ಗಡಿಯಾರ ನೋಡಿದರು. ಹನ್ನೊಂದು ದಾಟಿ ಐದು ನಿಮಿಷ. ‘ಮಾಲೀಕರು ಗೈರುಹಾಜರು’ ಎಂದು ಬರೆದುಕೊಂಡರು. ಲೇಖನಿ ಕೆಳಗಿಟ್ಟು, ಉಳುವವನ ಹೇಳಿಕೆಯ ಹಾಳೆ ಎಳೆದುಕೊಂಡರು.

ಸಾಹೇಬರು: ತಕರಾರು ಹಾಕಿದವರೇ ಬರಲಿಲ್ಲವಲ್ಲ. ಅವರಿಗೆ ಗಂಟೆ ಗೊತ್ತಿರಲಿಲ್ಲವೇ?

ಮುತ್ತಮ್ಮ: ಚೆನ್ನಾಗಿ ಗೊತ್ತೈತೆ ಸ್ವಾಮಿ. ಅವರ ಮನೇಲಿ ಇನ್ನೂ ಎಂಟೂವರೆ.